ನಾರ್ವಾ ಸೇತುವೆಯ ತನಕ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಶೀತಲ ಸಮರದ ಪಾಠ ಬಂದಾಗ ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತಿದ್ದೆ. ಎಡಗಡೆ ಅಮೆರಿಕದ ಕಡೆಯವರ ಸೈನಿಕ ಕೂಟ ನ್ಯಾಟೋ, ಬಲಗಡೆ ಸೋವಿಯತ್ ಕಡೆಯವರ ವಾರ್ಸಾ ಒಪ್ಪಂದ. ಕೊನೆಗೆ ಡಸ್ಟರ್ ತಗೊಂಡು ಬಲಗಡೆಯದನ್ನು ಒರೆಸಿಬಿಡುತ್ತಿದ್ದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ಜಗಳ ಮುಗೀತಲ್ಲ, ಈಗ ಇಬ್ಬರೂ ಒಂದೇ ಪಾರ್ಟಿನಾ?" ಅದು 2003ರ ಸುಮಾರು. "ಹಾಗೇ ಆಗ್ತಾ ಇದೆ ಕಣಯ್ಯಾ" ಅಂದಿದ್ದೆ. ಆಗ ಪೇಪರಿನಲ್ಲೂ ಹಾಗೇ ಬರುತ್ತಿತ್ತು.

ನನಗೂ ರಷ್ಯಾ ಅಂದರೆ ಸ್ವಲ್ಪ ಮಮಕಾರ ಜಾಸ್ತಿ. ನಾವು ಓದುವ ಕಾಲಕ್ಕೆ ನೋಟ್‌ಬುಕ್ಕಿಗೆಲ್ಲ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಯದ್ದೇ ಬೈಂಡು. ನುಣುಪು ಕಾಗದ, ಬಣ್ಣದ ಚಿತ್ರ, ಮಳೆಗೂ ಜಗ್ಗುತ್ತಿರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ನಗುತ್ತಿದ್ದ ಟ್ರ್ಯಾಕ್ಟರ್ ಚಾಲಕಿ ಇವತ್ತಿಗೂ ನೆನಪಿದ್ದಾಳೆ. ಗಣಿತ ಮರೆತಿದೆ.

2025ರ ಅಕ್ಟೋಬರಿನಲ್ಲಿ ಮಗನ ಮನೆಗೆ ಅಂತ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೋಗಿದ್ದೆವು. ಆ ಹುಡುಗನ ಪ್ರಶ್ನೆ ಹಿಡಿದು, ನ್ಯಾಟೋ-ರಷ್ಯಾ ಕೂಡಿದ, ಮುರಿದ ಜಾಗಗಳನ್ನು ಒಂದು ವಾರ ಒಬ್ಬನೇ ಸುತ್ತಿ ಬರುತ್ತೇನೆ ಅಂದೆ. ದಾರಿ ಕೇಳಿ ಹೆಂಡತಿ, "ಚರ್ಚು ನೋಡೋಕೆ ಬರ್ತೀನಿ, ಮಿಲಿಟರಿ ಆಫೀಸು ನೋಡೋಕೆ ನಾನ್ಯಾಕೆ" ಅಂದಳು. ಆದರೂ ಬ್ಯಾಗಿನಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತುರುಕಿದಳು.

ಮೊದಲ ದಿನ: ಬ್ರಸೆಲ್ಸ್

ನ್ಯಾಟೋ ಮುಖ್ಯ ಕಚೇರಿ ಊರ ಹೊರಗೆ ಎವೆರೆಯಲ್ಲಿ, ವಿಮಾನ ನಿಲ್ದಾಣದ ದಾರಿಯಲ್ಲಿದೆ. ಎರಡು ಕೈಗಳ ಬೆರಳು ಹೆಣೆದ ಹಾಗೆ ಕಟ್ಟಡ. ನಮ್ಮಂಥ ದಾರಿಹೋಕರಿಗೆ ಒಳಗೆ ಪ್ರವೇಶವಿಲ್ಲ. ರಸ್ತೆ ಈಚೆ ನಿಂತು ಬಾವುಟ ಎಣಿಸಿದೆ. 32 ಇರಬೇಕಿತ್ತು, ಗಾಳಿಗೆ ಎರಡು ಸಲ ಲೆಕ್ಕ ತಪ್ಪಿತು. ರಸ್ತೆಯ ಇನ್ನೊಂದು ಪಕ್ಕ ಹಳೆಯ ಕಚೇರಿಯ ಜಾಗ. 1967ರಲ್ಲಿ ಪ್ಯಾರಿಸ್‌ನಿಂದ ಎತ್ತಂಗಡಿಯಾದ ಮೇಲೆ ಐವತ್ತು ವರ್ಷ ಅಲ್ಲೇ ಇದ್ದರು. ನನಗೆ ಬೇಕಾದ ಕಥೆಯೆಲ್ಲ ನಡೆದದ್ದು ಆ ಹಳೆಯ ಕಡೆಯೇ.

ಅದಕ್ಕಿಂತ ಹಿಂದಿನದೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. 1954ರ ಮಾರ್ಚ್ 31ಕ್ಕೆ ಸೋವಿಯತ್ ಒಕ್ಕೂಟವೇ ಕಾಗದ ಬರೆದು, ನಾವೂ ನ್ಯಾಟೋಗೆ ಸೇರಲು ತಯಾರಿದ್ದೇವೆ ಅಂದಿತ್ತು. ಪಶ್ಚಿಮದವರು ಆಗಲ್ಲ ಅಂದರು. ಮುಂದಿನ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯನ್ನು ಸೇರಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ವಾರ್ಸಾ ಒಪ್ಪಂದ ಹುಟ್ಟಿತು.

ಎರಡನೇ ಸಲ ಆ ಮಾತು ಎದ್ದಿದ್ದು 1991ರ ಡಿಸೆಂಬರ್ 20ಕ್ಕೆ, ಇದೇ ಎವೆರೆಯಲ್ಲಿ. ಹಳೆಯ ಎದುರಾಳಿಗಳನ್ನೆಲ್ಲ ಕರೆದು ಮೊದಲ ಸಭೆ ಇಟ್ಟಿದ್ದರು. ಸಭೆ ನಡೆಯುತ್ತಿರುವಾಗಲೇ ಸೋವಿಯತ್ ರಾಯಭಾರಿ ಎದ್ದು, ನನ್ನ ದೇಶವೇ ಈಗ ಇಲ್ಲ, ಹೇಳಿಕೆಯಲ್ಲಿ ಅದರ ಹೆಸರು ತೆಗೆಯಿರಿ ಅಂದರು. ಅದೇ ದಿನ ರಷ್ಯಾ ಅಧ್ಯಕ್ಷ ಯೆಲ್ಟ್ಸಿನ್ ಅವರಿಂದ ಒಂದು ಪತ್ರ ಬಂತು. ರಷ್ಯಾ ನ್ಯಾಟೋ ಸದಸ್ಯತ್ವದ ಪ್ರಶ್ನೆ ಎತ್ತುತ್ತಿದೆ, ಅದು ದೂರದ ಗುರಿ ಅಂತ ಅದರಲ್ಲಿತ್ತು. ಎಲ್ಲರೂ ದಂಗು. ಆಮೇಲೆ ಮಾಸ್ಕೋದಿಂದ ತಿದ್ದುಪಡಿ ಬಂತು: ಪತ್ರದಲ್ಲಿ ಒಂದು 'ಇಲ್ಲ' ಬಿಟ್ಟುಹೋಗಿದೆ, 'ಎತ್ತುತ್ತಿದೆ' ಅಲ್ಲ, 'ಎತ್ತುತ್ತಿಲ್ಲ' ಅಂತ ಓದಿಕೊಳ್ಳಿ! ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದಿದವನು ನಾನು. ಒಂದು ಅಕ್ಷರಕ್ಕೆ ಅರ್ಧ ಮಾರ್ಕು ಕಳೆದಿದ್ದೇನೆ, ಇಷ್ಟು ದೊಡ್ಡ ತಪ್ಪು ನೋಡಿಲ್ಲ.

ಆದರೂ ಕೂಡಿ ಕೆಲಸ ಮಾಡುವ ಪ್ರಯತ್ನ ಸುಳ್ಳಲ್ಲ. 1997ರ ಮೇ 27ಕ್ಕೆ ಪ್ಯಾರಿಸ್‌ನಲ್ಲಿ ನ್ಯಾಟೋ-ರಷ್ಯಾ ನಡುವೆ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಅದರಂತೆ ಜಂಟಿ ಸಮಿತಿಯೊಂದು ಹುಟ್ಟಿತು. ಅದರ ನಡಾವಳಿ ಹೇಗಿತ್ತು ಅಂದರೆ, ಮನೆಯವರೆಲ್ಲ ಒಳಗೆ ನಡುಮನೆಯಲ್ಲಿ ಮಾತಾಡಿ ಮುಗಿಸಿ, ಜಗುಲಿಯಲ್ಲಿ ಕೂತ ಬೀಗರಿಗೆ ತೀರ್ಮಾನ ಹೇಳಿದ ಹಾಗೆ. ಬೀಗರಿಗೆ ಕೋಪ ಬರುತ್ತೆ, ಅಲ್ವಾ? ಅದಕ್ಕೇ 2002ರ ಮೇ 28ಕ್ಕೆ ರೋಮ್ ಹತ್ತಿರದ ಪ್ರಾಟಿಕಾ ಡಿ ಮಾರೆ ವಾಯುನೆಲೆಯಲ್ಲಿ ಹೊಸ ಪಂಕ್ತಿ ಹಾಕಿದರು. ನ್ಯಾಟೋ-ರಷ್ಯಾ ಮಂಡಳಿ. ಇಪ್ಪತ್ತು ದೇಶ, ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲಿ ಇಪ್ಪತ್ತು ಕುರ್ಚಿ. ರಷ್ಯಾಕ್ಕೆ ಪೋರ್ಚುಗಲ್ ಮತ್ತು ಸ್ಪೇನ್ ನಡುವೆ ಎಲೆ ಬಿತ್ತು. ನನ್ನ ಹುಡುಗನಿಗೆ ನಾನು ಉತ್ತರ ಕೊಟ್ಟಿದ್ದು ಈ ಪಂಕ್ತಿಯನ್ನು ನೋಡಿಯೇ.

ಆ ಮಂಡಳಿ ಕೊನೆಯ ಸಲ ಸೇರಿದ್ದು 2022ರ ಜನವರಿ 12ಕ್ಕೆ, ಇಲ್ಲೇ ಬ್ರಸೆಲ್ಸ್‌ನಲ್ಲಿ. ಆರು ವಾರ ಕಳೆದು ಉಕ್ರೇನ್ ಮೇಲೆ ಪೂರ್ತಿ ಯುದ್ಧ ಶುರುವಾಯಿತು.

ಎರಡನೇ ದಿನ: ಕಲೋನ್ ಪ್ಲಾಟ್‌ಫಾರ್ಮು

ಬರ್ಲಿನ್‌ಗೆ ಹೊರಟವನು ಕಲೋನ್‌ನಲ್ಲಿ ರೈಲು ಬದಲಿಸಬೇಕಿತ್ತು. ಮೊದಲ ರೈಲು ತಡ, ಎರಡನೆಯದು ನನ್ನ ಕಣ್ಣೆದುರೇ ಹೋಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ನಮ್ಮ ರೈಲ್ವೆಯನ್ನು ಬೈದಿದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಬನ್ನಿಗೆ ಚಟ್ನಿಪುಡಿ ಹಚ್ಚಿಕೊಂಡು ಎರಡು ಗಂಟೆ ಕೂತೆ. ಕಾಯುವಾಗ ನನಗೆ ನೆನಪಾಗಿದ್ದು ಎರಡು ಜಲಾಂತರ್ಗಾಮಿಗಳು.

2000ದ ಆಗಸ್ಟ್ 12ಕ್ಕೆ ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಾದ 'ಕುರ್ಸ್ಕ್' ಮುಳುಗಿತು. ಒಳಗೆ 118 ಜನ. ನಾರ್ವೆ, ಬ್ರಿಟನ್ ಸಹಾಯಕ್ಕೆ ಬರುತ್ತೇವೆ ಅಂದವು. ರಷ್ಯಾ ಬೇಗ ಒಪ್ಪಲಿಲ್ಲ. ಮಾನ, ಗುಟ್ಟು, ಹಳೆಯ ಅನುಮಾನ ಎಲ್ಲ ಇತ್ತಲ್ಲ. ಕೊನೆಗೆ ನಾರ್ವೆಯ ಮುಳುಗುಗಾರರು ಬಾಗಿಲು ತೆರೆದಾಗ ಒಂಬತ್ತು ದಿನ ಕಳೆದಿತ್ತು. ಒಳಗೆ ಬರೀ ನೀರು. ಒಬ್ಬರೂ ಉಳಿದಿರಲಿಲ್ಲ.

ಇದು ಎರಡೂ ಕಡೆಯ ನೌಕಾಪಡೆಯವರನ್ನು ಚುಚ್ಚಿತು. ನೀರಿನ ಕೆಳಗೆ ಸಿಕ್ಕಿಬಿದ್ದವನಿಗೆ ಪಾರ್ಟಿ ಯಾವುದಾದರೇನು? 2003ರಲ್ಲಿ ನ್ಯಾಟೋ ಮತ್ತು ರಷ್ಯಾ ಜಲಾಂತರ್ಗಾಮಿ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಜಂಟಿ ಅಭ್ಯಾಸ ನಡೆಸಿದವು.

2005ರ ಆಗಸ್ಟಿನಲ್ಲಿ ಪರೀಕ್ಷೆ ಬಂದೇ ಬಂತು. ಕಮ್ಚಾಟ್ಕಾ ಕರಾವಳಿಯಲ್ಲಿ ಎಎಸ್-28 ಅನ್ನೋ ಪುಟ್ಟ ಜಲಾಂತರ್ಗಾಮಿ ಮೀನಿನ ಬಲೆ, ಕೇಬಲ್ಲುಗಳಲ್ಲಿ ಸಿಕ್ಕಿಕೊಂಡಿತು. ಸುಮಾರು 190 ಮೀಟರ್ ಆಳ, ಒಳಗೆ ಏಳು ಜನ. ಈ ಸಲ ರಷ್ಯಾ ತಡಮಾಡದೆ ಕೂಗಿ ಕರೆಯಿತು. ಬ್ರಿಟನ್ ತನ್ನ 'ಸ್ಕಾರ್ಪಿಯೋ' ಯಂತ್ರವನ್ನು ದೊಡ್ಡ ಸಾಗಣೆ ವಿಮಾನದಲ್ಲಿ ಹಾಕಿಕೊಂಡು ಸ್ಕಾಟ್ಲೆಂಡಿನಿಂದ ಹಾರಿತು. ಮನುಷ್ಯರಿಲ್ಲದ ಆ ಯಂತ್ರ ಆಳಕ್ಕೆ ಇಳಿದು ಕೇಬಲ್ಲುಗಳನ್ನು ಒಂದೊಂದಾಗಿ ಕತ್ತರಿಸಿತು. ಮೂರು ದಿನ ಕತ್ತಲು, ಚಳಿಯಲ್ಲಿ ಮಲಗಿದ್ದ ಏಳೂ ಜನ ತಾವೇ ಬಾಗಿಲು ತೆಗೆದುಕೊಂಡು ಹೊರಗೆ ಬಂದರು.

ನ್ಯಾಟೋ-ರಷ್ಯಾ ಸಹಕಾರ ಅಂದಾಗ ಎಲ್ಲರೂ ಸಹಿ, ಕೈಕುಲುಕು, ಗ್ರೂಪ್ ಫೋಟೋ ತೋರಿಸುತ್ತಾರೆ. ನನಗೆ ಕಾಣುವುದು ಆ ಕತ್ತರಿ.

ಮೂರನೇ ದಿನ: ಬರ್ಲಿನ್, ಕಾರ್ಲ್ಸ್‌ಹಾರ್ಸ್ಟ್

ಗೋಡೆ, ಗೇಟು ಎಲ್ಲ ಬೆಳಗ್ಗೆಯೇ ನೋಡಿ ಮುಗಿಸಿದೆ. ಅದರ ಬಗ್ಗೆ ಬರೆಯದವರಿಲ್ಲ, ಬಿಡಿ. ಮಧ್ಯಾಹ್ನ ಊರ ಪೂರ್ವ ಅಂಚಿನ ಕಾರ್ಲ್ಸ್‌ಹಾರ್ಸ್ಟ್‌ಗೆ ಹೋದೆ. ಸಾಲುಮರದ ಬೀದಿಯ ಕೊನೆಗೆ ಒಂದು ಬೂದು ಬಣ್ಣದ ಕಟ್ಟಡ. 1945ರ ಮೇ 8ರ ರಾತ್ರಿ ಜರ್ಮನ್ ಸೇನೆ ಶರಣಾಗತಿಗೆ ಸಹಿ ಹಾಕಿದ ಜಾಗ.

ಆ ಸಭಾಂಗಣ ಹಾಗೇ ಇದೆ. ಉದ್ದನೆಯ ಮೇಜುಗಳು, ಹಸಿರು ಬಟ್ಟೆ, ಗೋಡೆಗೆ ನಾಲ್ಕು ಬಾವುಟ: ಸೋವಿಯತ್, ಬ್ರಿಟನ್, ಅಮೆರಿಕ, ಫ್ರಾನ್ಸ್. ಅವತ್ತು ಫ್ರಾನ್ಸಿನ ಬಾವುಟವೇ ಸಿಗಲಿಲ್ಲವಂತೆ. ಗಡಿಬಿಡಿಯಲ್ಲಿ ಹೊಲಿಸಿದರೆ ಪಟ್ಟಿ ಅಡ್ಡಡ್ಡ ಬಂದು ನೆದರ್ಲೆಂಡ್ಸ್ ಬಾವುಟ ಆಗಿಬಿಟ್ಟಿತಂತೆ. ಬಿಚ್ಚಿ ಮತ್ತೆ ಹೊಲಿದರಂತೆ. ಸಹಿ ಮುಗಿದಾಗ ಮಧ್ಯರಾತ್ರಿ ದಾಟಿತ್ತು. ಮಾಸ್ಕೋ ಗಡಿಯಾರವಂತೂ ಆಗಲೇ ಮೇ 9ಕ್ಕೆ ಬಂದಿತ್ತು. ಹಾಗಾಗಿ ಪಶ್ಚಿಮದವರಿಗೆ ಗೆಲುವಿನ ದಿನ 8, ರಷ್ಯಾಕ್ಕೆ 9. ಒಂದೇ ಮೇಜು, ಒಂದೇ ಕಾಗದ, ಎರಡು ತಾರೀಖು. ನಾಲ್ಕೇ ವರ್ಷ ಕಳೆದು ಅದೇ ಮೇಜಿನ ಮೂವರು ಸೇರಿ ನಾಲ್ಕನೆಯವನ ವಿರುದ್ಧ ನ್ಯಾಟೋ ಕಟ್ಟಿದರು.

ಈಗ ಇದು ಮ್ಯೂಸಿಯಂ. ಜರ್ಮನ್ನರೂ ರಷ್ಯನ್ನರೂ ಸೇರಿ 1995ರಲ್ಲಿ ತೆರೆದಿದ್ದು. 'ಜರ್ಮನ್-ರಷ್ಯನ್ ಮ್ಯೂಸಿಯಂ' ಅಂತಲೇ ಕರೆಯುತ್ತಿದ್ದರು. 2022ರಲ್ಲಿ ಆ ಹೆಸರು ಕೈಬಿಟ್ಟರು, ಈಗ ಬರೀ ಊರಿನ ಹೆಸರು. ಹೊರಗೆ ಹಾರುತ್ತಿದ್ದ ಬಾವುಟಗಳಲ್ಲಿ ಉಕ್ರೇನಿನದನ್ನು ಮಾತ್ರ ಉಳಿಸಿಕೊಂಡರು.

ಹಿತ್ತಲಿನ ಹಳೆಯ ಟ್ಯಾಂಕುಗಳ ಹತ್ತಿರ ಬೆಂಚಿನ ಮೇಲೆ ಕೂತಾಗ ಬೋಸ್ನಿಯಾ ನೆನಪಾಯಿತು. ಅಲ್ಲಿಯ ಯುದ್ಧ ನಿಂತ ಮೇಲೆ 1996ರಿಂದ 2003ರ ತನಕ ರಷ್ಯಾದ ಸೈನಿಕರು ಅಲ್ಲಿ ನ್ಯಾಟೋ ಪಡೆಗಳ ಜೊತೆ ಗಸ್ತು ತಿರುಗಿದ್ದರು. ಇದಕ್ಕೊಂದು ತಮಾಷೆಯ ಏರ್ಪಾಡು ಮಾಡಿದ್ದರು. ನ್ಯಾಟೋ ದಂಡನಾಯಕನ ಮಾತು ಕೇಳುವುದು ರಷ್ಯಾಕ್ಕೆ ಅವಮಾನ. ಸರಿ, ಅದೇ ಮನುಷ್ಯ ಅಮೆರಿಕದ ಜನರಲ್ಲೂ ಹೌದಲ್ಲ? ಜನರಲ್ ಜೌಲ್ವನ್ ಅಮೆರಿಕದವರಾಗಿ ಹೇಳಲಿ, ರಷ್ಯಾದ ಜನರಲ್ ಶೆವ್ಟ್ಸೊವ್ ಅವರ ಪಕ್ಕದಲ್ಲೇ ಸಹಾಯಕರಾಗಿ ಕೂತು ತಮ್ಮವರಿಗೆ ಮುಟ್ಟಿಸಲಿ. ನಮ್ಮ ಕಡೆ ಮಾತು ಬಿಟ್ಟ ಅಣ್ಣತಮ್ಮಂದಿರು ಗೋಡೆಗೆ ಹೇಳಿದ ಹಾಗೆ ಹೇಳಿಕೊಳ್ಳುವುದಿಲ್ಲವೇ, "ಯಾರೋ ಪಂಪ್ ಆಫ್ ಮಾಡ್ಬೇಕಂತೆ" ಅಂತ? ಹಾಗೆ. ಆದರೆ ಕೆಲಸ ನಡೆಯಿತು.

ನಡುವೆ 1999 ಬಂತು. ಮಾರ್ಚಿನಲ್ಲಿ ನ್ಯಾಟೋ ಯುಗೊಸ್ಲಾವಿಯಾ ಮೇಲೆ ಬಾಂಬ್ ಹಾಕುವುದು ಖಚಿತವಾದಾಗ ರಷ್ಯಾ ಪ್ರಧಾನಿ ಪ್ರಿಮಕೋವ್ ಅಮೆರಿಕಕ್ಕೆ ಹೊರಟಿದ್ದರು. ಅಟ್ಲಾಂಟಿಕ್ ಮೇಲೆಯೇ ವಿಮಾನ ತಿರುಗಿಸಿಕೊಂಡು ಮನೆಗೆ ಹೋದರು. ಜೂನಿನಲ್ಲಿ ಬೋಸ್ನಿಯಾದ ಅದೇ ರಷ್ಯನ್ ಸೈನಿಕರಲ್ಲಿ ಸುಮಾರು 200 ಜನ ರಾತ್ರೋರಾತ್ರಿ ಕೊಸೊವೊ ಸೀಮೆಯ ಪ್ರಿಸ್ಟಿನಾ ವಿಮಾನ ನಿಲ್ದಾಣ ಹಿಡಿದರು. ತಡೆಯಿರಿ ಅಂತ ಮೇಲಿನಿಂದ ಆದೇಶ ಬಂದಾಗ ಬ್ರಿಟಿಷ್ ಜನರಲ್ ಮೈಕ್ ಜಾಕ್ಸನ್, ನಿಮಗೋಸ್ಕರ ಮೂರನೇ ಮಹಾಯುದ್ಧ ಶುರು ಮಾಡಲ್ಲ ಅಂದುಬಿಟ್ಟರು. ಆಮೇಲೆ ಇಬ್ಬರೂ ಸೇರಿ ಕೊಸೊವೊದಲ್ಲೂ ನಾಲ್ಕು ವರ್ಷ ಕಾವಲು ಕಾದರು.

ನಾಲ್ಕನೇ ದಿನ: ವಾರ್ಸಾ

ಬರ್ಲಿನ್‌ನಿಂದ ವಾರ್ಸಾಗೆ ರೈಲು. ಈ ಸಲ ಸರಿಯಾದ ಸಮಯಕ್ಕೆ ಬಂತು, ಬರೆಯೋಕೆ ಏನೂ ಇಲ್ಲ.

ಕ್ರಾಕೋವ್ಸ್ಕಿಯೆ ಪ್ರೆಡ್‌ಮಿಯೆಶ್ಚಿಯೆ ಅನ್ನೋ ಬೀದಿ. ಹೇಳಲು ಅರ್ಧ ದಿನ ಬೇಕು, ನಡೆಯಲು ಅರ್ಧ ಗಂಟೆ ಸಾಕು. ಅಲ್ಲೇ ಅಧ್ಯಕ್ಷರ ಅರಮನೆ. ಎದುರಿಗೆ ನಾಲ್ಕು ಕಲ್ಲಿನ ಸಿಂಹ, ನಡುವೆ ಕುದುರೆ ಮೇಲೆ ರಾಜಕುಮಾರ ಪೊನಿಯಾಟೋವ್ಸ್ಕಿ. ಈ ಪ್ರತಿಮೆಯನ್ನು ಒಂದು ಕಾಲಕ್ಕೆ ರಷ್ಯಾದ ಫೀಲ್ಡ್ ಮಾರ್ಷಲ್ ಪಾಸ್ಕೆವಿಚ್ ತನ್ನ ಎಸ್ಟೇಟಿಗೆ ಸಾಗಿಸಿಕೊಂಡು ಹೋಗಿದ್ದ. ವಾಪಸ್ ಬಂದದ್ದು 1920ರ ದಶಕದಲ್ಲಿ.

ಅರಮನೆಯ ಒಳಗೆ ಕಂಬಗಳ ಸಭಾಂಗಣವೊಂದಿದೆ. 1955ರ ಮೇ 14ಕ್ಕೆ ಅಲ್ಲೇ ಎಂಟು ದೇಶಗಳು ವಾರ್ಸಾ ಒಪ್ಪಂದಕ್ಕೆ ಸಹಿ ಹಾಕಿದ್ದು. 1989ರಲ್ಲಿ ಇದೇ ಅರಮನೆಯಲ್ಲಿ ದುಂಡು ಮೇಜಿನ ಮಾತುಕತೆ ನಡೆದು ಪೋಲೆಂಡ್ ಆ ಕಡೆಯಿಂದ ಬಿಡಿಸಿಕೊಳ್ಳತೊಡಗಿತು. 2016ರ ಜುಲೈನಲ್ಲಿ ನ್ಯಾಟೋ ನಾಯಕರಿಗೆ ರಾತ್ರಿ ಊಟ ಹಾಕಿದ್ದೂ ಒಪ್ಪಂದಕ್ಕೆ ಸಹಿ ಬಿದ್ದ ಅದೇ ಕೋಣೆಯಲ್ಲಿ. ನಾನು ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆಯ ಎರಡೂ ಪಕ್ಕ ಒಂದೇ ಕೋಣೆಯಲ್ಲಿ ಉಂಡು ಎದ್ದಿವೆ. ಪಾಠ ಮಾಡುವಾಗ ಗೊತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಧ್ಯಾಹ್ನಕ್ಕೆ ಪಿಯೆರೋಗಿ. ನಮ್ಮ ಕರ್ಜಿಕಾಯಿಯನ್ನು ಕರಿಯದೆ ಬೇಯಿಸಿದ ಹಾಗೆ. ಆಲೂಗಡ್ಡೆ, ಚೀಸ್ ತುಂಬಿದ್ದಕ್ಕೆ 'ರುಸ್ಕಿಯೆ' ಅಂತ ಹೆಸರು. ರುಸ್ಕಿಯೆ ಅಂದರೆ ರಷ್ಯಾದ್ದಲ್ಲ, ಈಗ ಉಕ್ರೇನಿನಲ್ಲಿರುವ ಹಳೆಯ ರುಥೇನಿಯಾ ಸೀಮೆಯದು. ಆದರೂ ಯುದ್ಧ ಶುರುವಾದ ಮೇಲೆ ಕೆಲವು ಹೋಟೆಲುಗಳು ಮೆನುವಿನಲ್ಲಿ 'ಉಕ್ರೇನಿಯನ್ ಪಿಯೆರೋಗಿ' ಅಂತ ಬದಲಾಯಿಸಿಕೊಂಡವು. ಪಕ್ಕದ ಮೇಜಿನ ಹಿರಿಯರೊಬ್ಬರಿಗೆ ಇಂಗ್ಲಿಷ್ ಬರುತ್ತಿತ್ತು. ನ್ಯಾಟೋ ಮತ್ತು ರಷ್ಯಾ ಮತ್ತೆ ಸೇರಿ ಕೆಲಸ ಮಾಡುತ್ತವಾ ಅಂತ ಸುಮ್ನೆ ಕೇಳಿದೆ. ಚಮಚ ಕೆಳಗಿಟ್ಟರು. "ಅವರಿಬ್ಬರೂ ಚೆನ್ನಾಗಿದ್ದಾಗೆಲ್ಲ ಮಾತಾಡಿಕೊಂಡಿದ್ದು ನಮ್ಮ ತಲೆಯ ಮೇಲಿಂದ" ಅಂದರು. ಮತ್ತೆ ಚಮಚ ಎತ್ತಿಕೊಂಡರು.

ಈ ಮಾತು ನನ್ನನ್ನು ಸ್ವಲ್ಪ ಅಲ್ಲಾಡಿಸಿತು. 1997ರ ಒಪ್ಪಂದದಲ್ಲಿ ನ್ಯಾಟೋ ಒಂದು ಮಾತು ಕೊಟ್ಟಿತ್ತು: ಆಗಿನ ಪರಿಸ್ಥಿತಿ ಇರುವ ತನಕ ಹೊಸ ಸದಸ್ಯ ದೇಶಗಳಲ್ಲಿ ದೊಡ್ಡ ಪಡೆಗಳನ್ನು ಕಾಯಂ ಇಡುವುದಿಲ್ಲ ಅಂತ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾ ನುಂಗಿದ ಮೇಲೂ 2016ರಲ್ಲಿ ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳಿಗೆ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಒಂದೊಂದು ಬೆಟಾಲಿಯನ್ ಕಳಿಸುವಾಗ 'ಸರದಿ ಮೇಲೆ' ಅಂತ ಕಳಿಸಿದರು. ಸರದಿ ಅಂದರೆ ಕಾಯಂ ಅಲ್ಲವಲ್ಲ! ದೂರದಲ್ಲಿ ಕೂತ ನನಗೆ ಅದು ಮಾತು ಉಳಿಸಿಕೊಂಡ ಸೂಕ್ಷ್ಮ ಅನ್ನಿಸಿತ್ತು. ಇಲ್ಲಿಯವರಿಗೆ ತಮ್ಮ ಮನೆ ಬಾಗಿಲಿಗೆ ಅರ್ಧ ಚಿಲಕ ಹಾಕಿದ ಹಾಗೆ.

ಇನ್ನೊಂದು ಸಂಗತಿ ವಾರ್ಸಾದಲ್ಲೇ ಹೇಳಬೇಕು. 9/11 ಆದ ಮೇಲೆ ಅಪಹರಣವಾದ ವಿಮಾನಗಳನ್ನು ಕಂಡುಹಿಡಿಯೋಕೆ ನ್ಯಾಟೋ-ರಷ್ಯಾ ಸೇರಿ ಒಂದು ಜಾಲ ಕಟ್ಟಿದ್ದವು. ಒಂದು ಕೇಂದ್ರ ಮಾಸ್ಕೋದಲ್ಲಿ, ಇನ್ನೊಂದು ವಾರ್ಸಾದಲ್ಲಿ. ಎರಡೂ ಕಡೆಯವರು ತಂತಮ್ಮ ವಾಯುಗಡಿಯ ಚಿತ್ರ ಹಂಚಿಕೊಳ್ಳುವುದು. 2011ರ ಜೂನಿನಲ್ಲಿ ಅಭ್ಯಾಸವನ್ನೂ ಮಾಡಿದರು. ಅಪಹರಣವಾಗಿದೆ ಅಂತ ನಟಿಸಿದ ಪೋಲೆಂಡಿನ ವಿಮಾನ, ಅದರ ಬೆನ್ನಿಗೆ ಪೋಲೆಂಡಿನ ಎಫ್-16, ಗಡಿ ದಾಟಿದ ಮೇಲೆ ರಷ್ಯಾದ ಸುಖೋಯ್. ಕಬಡ್ಡಿಯಲ್ಲಿ ಎರಡು ತಂಡ ಸೇರಿ ಒಬ್ಬನನ್ನು ಹಿಡಿದ ಹಾಗೆ. ಕ್ರಿಮಿಯಾ ಹೋದ ಮೇಲೆ, 2014ರ ಏಪ್ರಿಲ್ 1ಕ್ಕೆ ನ್ಯಾಟೋ ರಷ್ಯಾ ಜೊತೆಗಿನ ಎಲ್ಲ ಜಂಟಿ ಕೆಲಸವನ್ನೂ ನಿಲ್ಲಿಸಿತು, ಮಾತುಕತೆಯೊಂದನ್ನು ಬಿಟ್ಟು. ಇದೂ ನಿಂತಿತು. ನಾನು ಹೋಗುವುದಕ್ಕೆ ಸ್ವಲ್ಪ ದಿನ ಮೊದಲು, 2025ರ ಸೆಪ್ಟೆಂಬರ್ 9ರ ರಾತ್ರಿ ರಷ್ಯಾದ ಡ್ರೋನುಗಳು ಪೋಲೆಂಡಿನ ಆಕಾಶಕ್ಕೆ ನುಗ್ಗಿದವು. ಪೋಲೆಂಡಿನ ಎಫ್-16, ನೆದರ್ಲೆಂಡ್ಸ್‌ನ ಎಫ್-35 ಎದ್ದು ಕೆಲವನ್ನು ಹೊಡೆದುರುಳಿಸಿದವು. ಅದೇ ಆಕಾಶ.

ಎಫ್-35 ಅಂದಾಗ ಯಲಹಂಕ ಜ್ಞಾಪಕ ಬಂತು. ಅದೇ ವರ್ಷ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಅಮೆರಿಕದ ಎಫ್-35, ರಷ್ಯಾದ ಸು-57 ಎರಡನ್ನೂ ಒಂದೇ ಮೈದಾನದಲ್ಲಿ ನೋಡಿದ್ದೆ. ಬಿಸಿಲಿಗೆ ಟೋಪಿ ಹಾಕಿಕೊಂಡು, ಸೌತೆಕಾಯಿ ತಿನ್ನುತ್ತಾ. ಎರಡೂ ಮಾರಾಟಕ್ಕೆ ಬಂದಿದ್ದವು. ಹಾಗಾಗಿ ಎರಡಕ್ಕೂ ಸಂಕೋಚ ಇರಲಿಲ್ಲ.

ಐದನೇ ದಿನ: ಟ್ಯಾಲಿನ್

ವಾರ್ಸಾದಿಂದ ವಿಮಾನ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ಹಳೇ ಪೇಟೆಯ ಪಿಕ್ ಬೀದಿಯಲ್ಲಿ ರಷ್ಯಾ ರಾಯಭಾರ ಕಚೇರಿ. ಮುಂದೆ ಕಬ್ಬಿಣದ ಅಡ್ಡಗಟ್ಟೆ, ಅದರ ತುಂಬ ಬ್ಯಾನರು, ಗೊಂಬೆ, ಮಳೆಯಲ್ಲಿ ನೆನೆದು ಶಾಯಿ ಇಳಿದ ಕಾಗದಗಳು. ಒಬ್ಬ ತಾಯಿ ಮಗುವಿಗೆ ಏನೋ ಓದಿ ಹೇಳುತ್ತಿದ್ದಳು. ಚಳಿ ಜಾಸ್ತಿಯಾಗಿ ಬೇಗ ರೂಮು ಸೇರಿದೆ. ಸೆಪ್ಟೆಂಬರ್ 19ಕ್ಕೆ ರಷ್ಯಾದ ಮೂರು ಮಿಗ್-31 ಯುದ್ಧವಿಮಾನ ಇಲ್ಲಿಯ ವಾಯುಗಡಿಯೊಳಗೆ 12 ನಿಮಿಷ ಇದ್ದವು ಅಂತ ಎಸ್ಟೋನಿಯಾ ಹೇಳಿತ್ತು, ಇಲ್ಲ ಅಂತ ರಷ್ಯಾ. ಹೋಟೆಲಿನ ಹುಡುಗಿಗೆ ಆ ವಿಷಯ ಎತ್ತಿದರೆ, "ನಾಳೆ ನಾರ್ವಾಗೆ ಹೋಗ್ತೀರಾ? ದಪ್ಪ ಸಾಕ್ಸ್ ಹಾಕ್ಕೊಳ್ಳಿ" ಅಂದಳು ಅಷ್ಟೇ.

ಆರನೇ ದಿನ: ನಾರ್ವಾ

ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ದಾರಿಯುದ್ದಕ್ಕೂ ಹಳದಿ ಎಲೆಯ ಬರ್ಚ್ ಮರ. ನಾರ್ವಾ ಎಸ್ಟೋನಿಯಾದ ಕೊನೆಯ ಊರು, ನ್ಯಾಟೋದ ಒಂದು ತುದಿ. ಆದರೆ ಊರಲ್ಲಿ ಕಿವಿಗೆ ಬೀಳುವುದೆಲ್ಲ ರಷ್ಯನ್. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಮನೆಯಲ್ಲಿ ಆಡುವುದು ಅದನ್ನೇ. ನಗರಸಭೆ ಚುನಾವಣೆ ಹತ್ತಿರವಿತ್ತು, ಕಂಬಕ್ಕೊಂದು ಪೋಸ್ಟರು. ರಷ್ಯಾದ ಪೌರತ್ವ ಇಟ್ಟುಕೊಂಡವರಿಗೆ ಇಲ್ಲಿ ಮೊದಲು ಸ್ಥಳೀಯ ಮತದಾನದ ಹಕ್ಕಿತ್ತು. ಆ ವರ್ಷ ಮಾರ್ಚಿನಲ್ಲಿ ಸಂವಿಧಾನ ತಿದ್ದಿ ತೆಗೆದುಹಾಕಿದ್ದರು.

ಹೊಳೆಯ ದಡಕ್ಕೆ ಹೋದೆ. ಎದೆ ಝಲ್ಲೆಂದಿತು. ಈ ಕಡೆ ಹರ್ಮನ್ ಕೋಟೆ, ಬಿಳಿ ಗೋಪುರ. ಆ ಕಡೆ ಇವಾನ್‌ಗೊರೊದ್ ಕೋಟೆ, 1492ರಲ್ಲಿ ಮೂರನೇ ಇವಾನ್ ಕಟ್ಟಿಸಿದ್ದು. ನಡುವೆ ನಾರ್ವಾ ಹೊಳೆ. ನಮ್ಮ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಆಚೆ ದಡದವನನ್ನು ಕೂಗಿ ಕರೆಯಬಹುದಲ್ಲ, ಅಷ್ಟೇ ದೂರ. ಆಚೆ ಒಬ್ಬ ಗಾಳ ಹಾಕಿ ಕೂತಿದ್ದ. ಈಚೆ ಒಬ್ಬ ಗಾಳ ಹಾಕಿ ಕೂತಿದ್ದ. ಇಬ್ಬರ ಬಕೆಟ್ಟೂ ನೀಲಿ.

ಹೊಳೆಯಲ್ಲಿ ದೋಣಿ ದಾರಿ ತೋರಿಸಲು ತೇಲುಬುರುಡೆಗಳನ್ನು ಬಿಡುತ್ತಾರೆ. ಸೋವಿಯತ್ ಒಕ್ಕೂಟ ಒಡೆದ ಮೇಲೂ, ಎಸ್ಟೋನಿಯಾ 2004ರಲ್ಲಿ ನ್ಯಾಟೋ ಸೇರಿದ ಮೇಲೂ ಎರಡೂ ಕಡೆಯವರು ಮಾತಾಡಿಕೊಂಡು, ತಳದ ಆಳ ನೋಡಿ, ಬುರುಡೆ ಎಲ್ಲಿ ಇಡಬೇಕು ಅಂತ ತೀರ್ಮಾನಿಸುತ್ತಿದ್ದರು. 2023ರಿಂದ ರಷ್ಯಾ ಒಪ್ಪಲಿಲ್ಲ. 2024ರ ಮೇ 23ರ ನಸುಕಿನಲ್ಲಿ ರಷ್ಯಾದ ಗಡಿ ಕಾವಲುಗಾರರು ಬಂದು 24 ಬುರುಡೆ ಕಿತ್ತುಕೊಂಡು ಹೋದರು. ಕಿತ್ತಳೆ ಬಣ್ಣದ, ಬಿಂದಿಗೆಯಂಥ ವಸ್ತು. ಬ್ರಸೆಲ್ಸ್‌ನ ಮಂಡಳಿ ಸತ್ತಾಗ ಪತ್ರಿಕೆಗೆ ಸುದ್ದಿ. ಈ ಬುರುಡೆ ಹೋದಾಗ ಗಾಳ ಹಾಕುವವನಿಗೆ, ತನ್ನ ದೋಣಿ ಯಾವ ದೇಶದಲ್ಲಿದೆ ಅನ್ನುವ ಚಿಂತೆ.

ಕರೆಂಟಿನದೂ ಅದೇ ಕಥೆ. ನ್ಯಾಟೋ ಸೇರಿ ಇಪ್ಪತ್ತು ವರ್ಷ ದಾಟಿದರೂ ಬಾಲ್ಟಿಕ್ ದೇಶಗಳ ವಿದ್ಯುತ್ ಜಾಲ ರಷ್ಯಾದ ಜಾಲಕ್ಕೇ ಹೊಂದಿಕೊಂಡು ನಡೆಯುತ್ತಿತ್ತು. ಮಿಡಿತ ಕಾಯುತ್ತಿದ್ದುದು ಮಾಸ್ಕೋ. 2025ರ ಫೆಬ್ರವರಿ 8ಕ್ಕೆ ಆ ತಂತಿ ಬಿಚ್ಚಿ, ಮಾರನೇ ದಿನ ಯುರೋಪಿನ ಜಾಲಕ್ಕೆ ಜೋಡಿಸಿಕೊಂಡರು.

ಸೇತುವೆಗೆ ಹೋಗುವ ಪೀಟರ್ ಚೌಕದಲ್ಲಿ ಕ್ಯೂ ಇತ್ತು. ರಷ್ಯಾ 2024ರ ಫೆಬ್ರವರಿಯಿಂದ ವಾಹನ ಬಿಡುತ್ತಿಲ್ಲ, ನಡೆದೇ ದಾಟಬೇಕು. ರಾತ್ರಿ ಎಸ್ಟೋನಿಯಾ ಬಾಗಿಲು ಹಾಕುತ್ತದೆ. ಚಕ್ರದ ಸೂಟ್‌ಕೇಸ್ ಹಿಡಿದ ಮುದುಕರೇ ಜಾಸ್ತಿ. ಒಬ್ಬ ಅಜ್ಜಿ ಮಡಚುವ ಸ್ಟೂಲಿನ ಮೇಲೆ ಕೂತು ಥರ್ಮಾಸ್‌ನಿಂದ ಚಹಾ ಕುಡಿಯುತ್ತಿದ್ದರು. ಮೊಬೈಲಿನ ಅನುವಾದ ಹಿಡಿದು ಮಾತಾಡಿಸಿದೆ. ತಂಗಿ ಆಚೆ ದಡದಲ್ಲಿದ್ದಾಳೆ, ಹುಷಾರಿಲ್ಲ. ಮೊದಲು ಮನೆಯಿಂದ ಮನೆಗೆ ಇಪ್ಪತ್ತು ನಿಮಿಷ. ಈಗ ಬೆಳಗ್ಗೆ ಬಂದರೆ ಮಧ್ಯಾಹ್ನವೋ, ಸಂಜೆಯೋ. ಚೀಲದಲ್ಲಿ ಏನಿದೆ ಅಂದೆ. ಮಾತ್ರೆ, ಚೀಸು, ಉಣ್ಣೆಯ ಬಟ್ಟೆ. ಒಂದೊಂದನ್ನೂ ತೆಗೆದು ತೋರಿಸಿದರು. ಕಸ್ಟಮ್ಸ್‌ನವರಿಗೆ ತೋರಿಸೋದು ಇದ್ದೇ ಇದೆ, ಅಭ್ಯಾಸ ಆಗಲಿ ಅಂತ ನಕ್ಕರು. ನ್ಯಾಟೋ, ರಷ್ಯಾ, ಸಹಕಾರ ಅಂತ ನನ್ನ ದೊಡ್ಡ ಪ್ರಶ್ನೆಯನ್ನು ಮೊಬೈಲಿಗೆ ಹೇಳಿದೆ. ಅದು ಏನು ಅನುವಾದ ಮಾಡಿತೋ, ಅಜ್ಜಿ ಕೈ ಬೀಸಿ ಉದ್ದಕ್ಕೆ ಏನೋ ಹೇಳಿದರು. ಪರದೆ ಮೇಲೆ ಬಂದದ್ದು ಇಷ್ಟೇ: "ಟಾಯ್ಲೆಟ್ ಕಟ್ಟಿಸಿದರೆ ಸಾಕು."

ಏಳನೇ ದಿನ: ಹೆಲ್ಸಿಂಕಿ

ಟ್ಯಾಲಿನ್‌ನಿಂದ ಹಡಗಿನಲ್ಲಿ ಎರಡು ಗಂಟೆ. ಡೆಕ್ಕಿನ ಮೇಲೆ ನಾರ್ವೆಯ ನಿವೃತ್ತ ನಾವಿಕರೊಬ್ಬರು ಜೊತೆಯಾದರು. ಅವರಿಂದ ಹೊರಟ ಮಾತಿನಲ್ಲಿ ನಾನು ಮರೆತಿದ್ದ ಒಂದು ಸಂಗತಿ ನೆನಪಾಯಿತು. ನಾರ್ವೆ ನ್ಯಾಟೋದ ಮೊದಲ ಹನ್ನೆರಡು ದೇಶಗಳಲ್ಲಿ ಒಂದು, ರಷ್ಯಾದ ನೆರೆಮನೆ ಬೇರೆ. ಬುಡೆ ಊರಿನ ಹತ್ತಿರವಿರುವ ನಾರ್ವೆಯ ಸೇನಾ ಕೇಂದ್ರಕ್ಕೂ ಸೆವೆರೊಮೋರ್ಸ್ಕ್‌ನ ರಷ್ಯಾ ನೌಕಾಪಡೆಗೂ ಒಂದು ನೇರ ಸಂಪರ್ಕ ಇದೆ. 2022ರ ನಂತರವೂ ಅದನ್ನು ಕೀಳಲಿಲ್ಲ. ವಾರಕ್ಕೊಮ್ಮೆ ಕರೆ ಮಾಡಿ ಕೆಲಸ ಮಾಡುತ್ತಿದೆಯಾ ಅಂತ ನೋಡುತ್ತಿದ್ದರು. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನಿನ ಪಾಲನ್ನೂ ಎರಡೂ ದೇಶ 1976ರಿಂದ ಕೂತು ಹಂಚಿಕೊಳ್ಳುತ್ತಿವೆ. ಯುದ್ಧ ಬಂದ ಮೇಲೂ ನಿಲ್ಲಿಸಲಿಲ್ಲ. ಮೀನಿಗೆ ಗಡಿ ಇಲ್ಲ, ಒಬ್ಬರು ಬಾಚಿದರೆ ಇಬ್ಬರಿಗೂ ಇಲ್ಲ.

ನ್ಯಾಟೋ ತನ್ನ 2010ರ ಲಿಸ್ಬನ್ ದಾಖಲೆಯಲ್ಲಿ ರಷ್ಯಾ ಜೊತೆ ನಿಜವಾದ ಪಾಲುದಾರಿಕೆ ಬೇಕು ಅಂದಿತ್ತು. 2022ರ ಮ್ಯಾಡ್ರಿಡ್ ದಾಖಲೆ ಅದೇ ರಷ್ಯಾವನ್ನು ಅತಿ ದೊಡ್ಡ ನೇರ ಬೆದರಿಕೆ ಅನ್ನುತ್ತದೆ. ಆದರೆ ಅಪಾಯ ತಪ್ಪಿಸೋಕೆ ಮಾತಿನ ದಾರಿ ತೆರೆದಿಡುತ್ತೇವೆ ಅಂತಲೂ ಅದರಲ್ಲಿದೆ. ಮುಂದೆ ಏನಾದರೂ ಮೊಳಕೆ ಒಡೆದರೆ ಅದು ಈ ಸಣ್ಣ ಸಾಲಿನಿಂದಲೇ ಅಂತ ನನ್ನ ಅಂದಾಜು. ಅದೂ ಉಕ್ರೇನಿನ ಗಾಯಕ್ಕೆ ಒಂದು ದಾರಿ ಕಂಡ ಮೇಲೆ, ವಾರ್ಸಾದ ಆ ಹಿರಿಯರಂಥವರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡು. ರೋಮ್‌ನಂಥ ದೊಡ್ಡ ಮೇಜು ನನ್ನ ಕಾಲಕ್ಕಂತೂ ಬರುವುದಿಲ್ಲ.

ಫಿನ್ಲಾಂಡಿಯಾ ಹಾಲ್ ನೋಡಿದೆ. 1975ರ ಆಗಸ್ಟ್ 1ಕ್ಕೆ ಎರಡೂ ಬಣ ಸೇರಿ 35 ದೇಶಗಳು ಇಲ್ಲಿ ಸಹಿ ಹಾಕಿದ್ದವು, ಗಡಿಗಳನ್ನು ಬಲದಿಂದ ಬದಲಾಯಿಸುವುದಿಲ್ಲ ಅಂತ. ಆಗ ಫಿನ್ಲೆಂಡ್ ಯಾವ ಕಡೆಗೂ ಸೇರದ ದೇಶ. 2023ರ ಏಪ್ರಿಲ್ 4ಕ್ಕೆ ನ್ಯಾಟೋ ಸೇರಿತು. ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ, ಆ ವರ್ಷದ ಕೊನೆಯಿಂದ ಜನ ದಾಟುವ ಎಲ್ಲ ಗೇಟೂ ಬಂದ್.

ಸಂಜೆ ರೈಲು ನಿಲ್ದಾಣಕ್ಕೆ ಬಂದೆ. 2022ರ ಮಾರ್ಚ್ ತನಕ ಇಲ್ಲಿಂದ ಸೇಂಟ್ ಪೀಟರ್ಸ್‌ಬರ್ಗಿಗೆ 'ಅಲ್ಲೆಗ್ರೋ' ಅನ್ನೋ ರೈಲು ಹೋಗುತ್ತಿತ್ತು, ಮೂರೂವರೆ ಗಂಟೆಯ ದಾರಿ. ಫಿನ್ಲೆಂಡಿನ ಹಳಿಯ ಅಗಲ 1,524 ಮಿಲಿಮೀಟರ್, ರಷ್ಯಾದ್ದು 1,520. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಅಷ್ಟೇ, ಎರಡರ ಮೇಲೂ ಗಾಡಿ ಓಡುತ್ತೆ. ಸ್ವೀಡನ್ ಕಡೆಗೆ ಹೋಗಬೇಕಾದರೇ ಕಷ್ಟ, ಅಲ್ಲಿ 1,435. ಟಿಕೆಟ್ ಕೌಂಟರಿನ ಹೆಂಗಸನ್ನು, ಈ ಹಳಿ ಈಗಲೂ ರಷ್ಯಾದ ತನಕ ಇದೆಯಾ ಅಂತ ಕೇಳಿದೆ. "ಹಳಿ ಇದೆ" ಅಂದಳು. "ಟಿಕೆಟ್ ಇಲ್ಲ."

ಪಕ್ಕದ ಅಂಗಡಿಯಲ್ಲಿ ಕರೇಲಿಯಾ ಕಡುಬು ಸಿಕ್ಕಿತು. ರೈ ಹಿಟ್ಟಿನ ತೆಳ್ಳನೆ ಕಣಕ, ಒಳಗೆ ಮೆತ್ತಗೆ ಬೇಯಿಸಿದ ಅಕ್ಕಿ. ಕರೇಲಿಯಾ ಅನ್ನೋ ಆ ಸೀಮೆಯ ದೊಡ್ಡ ಪಾಲು ಈಗ ಗಡಿಯ ಆಚೆಗಿದೆ. ಮೇಲೆ ಮೊಟ್ಟೆ-ಬೆಣ್ಣೆ ಹಚ್ಚಿ ಕೊಡುತ್ತಾರೆ, ನಾನು ಬೇಡ ಅಂದೆ. ಕಚ್ಚಿದರೆ ಸಪ್ಪೆ. ಬ್ಯಾಗಿನ ತಳದಲ್ಲಿ ಡಬ್ಬಿ ತಡಕಿದೆ, ಎರಡು ಚಮಚದಷ್ಟು ಚಟ್ನಿಪುಡಿ ಉಳಿದಿತ್ತು. ಬೆಂಚಿನ ಮೇಲೆ ಕೂತು ಉದುರಿಸಿಕೊಂಡೆ. ಪಕ್ಕದಲ್ಲಿ ಕೂತ ಹುಡುಗ ವಾಸನೆಗೆ ತಿರುಗಿ ನೋಡಿದ. ಡಬ್ಬಿ ಮುಂದೆ ಹಿಡಿದೆ. ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿದವನು ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಸಲ ಕೈ ಚಾಚಿದ.